ಮಿಸ್ಡ್ ಕಾಲ್ ಕೊಡುವ ಕಂಪ್ಯೂಟರ್

ಮೊಗ್ರಾಲಿನಲ್ಲಿರುವ ನನ್ನ ಮಾವನ ಮನೆಯ ಅಂಗಳದಲ್ಲಿ ಬಟ್ಟೆ ಒಣಗುವುದು ಒಂದು ನೆಟ್‌ವರ್ಕ್ ಕೇಬಲ್ ಮೇಲೆ. ಒಂದು ಕಾಲದಲ್ಲಿ ಅದು ಒಳ್ಳೆಯ ನೀಲಿ ಬಣ್ಣದ್ದಾಗಿತ್ತು. ಸಮುದ್ರದ ಗಾಳಿ, ಬಿಸಿಲು, ಅತ್ತೆಯ ಒದ್ದೆ ಸೀರೆಗಳು ಸೇರಿ ಈಗ ಅದಕ್ಕೆ ಯಾವ ಬಣ್ಣವೂ ಉಳಿದಿಲ್ಲ. ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ಬಚ್ಚಲಿನ ಕಿಟಕಿಯ ಸರಳಿಗೆ. ಮೊನ್ನೆ ಹೋದಾಗ ಅದನ್ನು ಗುರುತು ಹಿಡಿದು ನಾನು ಕೇಳಿದೆ, "ಅತ್ತೇ, ಇದು ನನ್ನ ಪ್ರಾಜೆಕ್ಟಿನ ವಯರ್ ಅಲ್ವಾ?"

"ಹೌದು. ಪ್ಲಾಸ್ಟಿಕ್ ಹಗ್ಗ ಆದ್ರೆ ಒಂದು ಮಳೆಗಾಲ ಬರುವುದಿಲ್ಲ. ಇದು ಗಟ್ಟಿ ಉಂಟು. ನೀನು ಓದಿದ್ದರಲ್ಲಿ ನನಗೆ ಉಪಕಾರ ಆದದ್ದು ಇದೊಂದೇ ನೋಡು" ಎಂದರು ಅತ್ತೆ, ಕ್ಲಿಪ್ಪು ಹಾಕುತ್ತಾ.

ನಾನು ಈಗ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಇಂಥ ಮಾತು ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದೆನೋ ಏನೋ. ಅತ್ತೆ ಹೇಳಿದರೆ ಹಾಗಾಗುವುದಿಲ್ಲ. ಅಲ್ಲದೆ ಆ ಪ್ರಾಜೆಕ್ಟಿನ ಬಗ್ಗೆ ನನಗಿರುವ ಹೆಮ್ಮೆ ವಿಚಿತ್ರವಾದದ್ದು. ನಾನು ಬರೆದ ಪ್ರೋಗ್ರಾಮುಗಳಲ್ಲಿ ಅಷ್ಟು ತಪ್ಪಾದದ್ದು ಇನ್ನೊಂದಿಲ್ಲ, ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೂ ಇನ್ನೊಂದಿಲ್ಲ. ಆ ಕಥೆಯನ್ನು ಹೇಳಿಯೇ ಬಿಡುತ್ತೇನೆ, ನಿಮಗೆ ಅರ್ಜೆಂಟ್ ಇಲ್ಲದಿದ್ದರೆ.

ನನ್ನ ಮನೆ ಇರುವುದು ಮುಳ್ಳೇರಿಯದಿಂದ ಒಳಗೆ. ಅಲ್ಲಿಂದ ಕಾಲೇಜಿಗೆ ದಿನಾ ಬಸ್ಸು ಹತ್ತಿ ಇಳಿದು ಹತ್ತಿದರೆ ಪಾಠ ಕೇಳಲು ಜೀವ ಉಳಿಯುವುದಿಲ್ಲವೆಂದು ಅಮ್ಮ ನನ್ನನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ಆ ಅಣ್ಣನೇ ಐತಪ್ಪ ಮಾವ. ನೀವು ಆಗ ಕುಂಬಳೆ, ಮೊಗ್ರಾಲ್, ಸೀತಾಂಗೋಳಿ ಕಡೆ ಇದ್ದವರಾದರೆ ಅವರ ಮುಖ ನೋಡಿರದಿದ್ದರೂ ಸ್ವರ ಕೇಳಿರುತ್ತೀರಿ. ಮಾವ ಅನೌನ್ಸರ್. ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡ ಒಂದು ಜೀಪು ಧೂಳೆಬ್ಬಿಸಿಕೊಂಡು ಬರುತ್ತಿತ್ತಲ್ಲ, ಅದರೊಳಗೆ ಮೈಕ್ ಹಿಡಿದು ಕೂತವರು ಅವರು. ಜೀಪು ಓಡಿಸುತ್ತಿದ್ದದ್ದು ಮಾವನ ಗೆಳೆಯ ಅದ್ದುಚ್ಚ. ಜೀಪು, ಹಾರ್ನು, ಆಂಪ್ಲಿಫೈಯರು, ಪೇಟೆಯಲ್ಲಿ ಲೈಟ್ ಆ್ಯಂಡ್ ಸೌಂಡ್ಸ್ ಅಂಗಡಿ ಎಲ್ಲ ಅದ್ದುಚ್ಚನದ್ದು. ಸ್ವರ ಮಾತ್ರ ಮಾವನದ್ದು.

ಮಾವ ಒಂದೇ ಉಸಿರಿನಲ್ಲಿ ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ತುಳುವಿಗೆ ಇಳಿಯುತ್ತಿದ್ದರು. ವಾಲಿಬಾಲ್ ಪಂದ್ಯಾಟ, ಬಯಲಾಟ, ಉರೂಸ್, ಕಣ್ಣಿನ ಉಚಿತ ತಪಾಸಣೆ, ಹೊಸ ಜವಳಿ ಅಂಗಡಿ, ಯಾವುದಕ್ಕೂ ಒಂದೇ ಉತ್ಸಾಹ. ಚುನಾವಣೆಯ ಕಾಲದಲ್ಲಿ ಬೆಳಿಗ್ಗೆ ಒಬ್ಬರನ್ನು "ನಿಮ್ಮ ನೆಚ್ಚಿನ ಅಭ್ಯರ್ಥಿ" ಎಂದು ಸಾರಿ, ಮಧ್ಯಾಹ್ನ ಮನೆಗೆ ಬಂದು ಉಂಡು, ಸಂಜೆ ಅವರ ಎದುರಾಳಿಯನ್ನೂ ಅಷ್ಟೇ ಪ್ರೀತಿಯಿಂದ "ನಿಮ್ಮ ನೆಚ್ಚಿನ" ಎನ್ನುತ್ತಿದ್ದರು. ಯಾರೂ ಬೇಸರಿಸುತ್ತಿರಲಿಲ್ಲ. ಸ್ವರ ಅಷ್ಟು ಚೆನ್ನಾಗಿತ್ತು. ಮನೆಯಲ್ಲೂ ಅದೇ ವರಸೆ. "ಮಾನ್ಯರೇ, ಇಂದಿನ ಮೀನು ಸಾರಿನಲ್ಲಿ ಉಪ್ಪು ಕಡಿಮೆ ಇರುವುದಾಗಿ ಈ ಮೂಲಕ ತಿಳಿಯಪಡಿಸುತ್ತೇವೆ" ಎಂದು ಊಟಕ್ಕೆ ಕೂತಲ್ಲಿಂದ ಶುರು ಮಾಡಿದರೆ ಅತ್ತೆ ಒಳಗಿನಿಂದ "ಮೈಕ್ ಆಫ್ ಮಾಡಿ" ಎನ್ನುತ್ತಿದ್ದರು.

ಸಣ್ಣವಳಿದ್ದಾಗ ರಜೆಯಲ್ಲಿ ಬಂದರೆ ನನಗೆ ಜೀಪಿನ ಹಿಂದಿನ ಸೀಟು ಮೀಸಲು. ನೋಟೀಸು ಎಸೆಯುವ ಕೆಲಸ. ಗುಲಾಬಿ ಕಾಗದ, ಹಳದಿ ಕಾಗದ. ಒಂದೊಂದಾಗಿ ಬಿಡಬೇಕು, ಹಿಂದೆ ಓಡಿ ಬರುವ ಮಕ್ಕಳಿಗೆ ಸಮವಾಗಿ ಹಂಚಿಹೋಗಬೇಕು ಎಂದು ಅದ್ದುಚ್ಚ ಹೇಳಿಕೊಟ್ಟಿದ್ದರು. ಸೀತಾಂಗೋಳಿಯ ತಿರುವಿನಲ್ಲಿ ಒಮ್ಮೆ ಗಾಳಿಗೆ ನನ್ನ ಕೈಯಲ್ಲಿದ್ದ ಇಡೀ ಕಟ್ಟೇ ಹಾರಿ ಒಂದು ದನದ ಹಟ್ಟಿಯ ಮೇಲೆ ಬಿತ್ತು. ವಾಲಿಬಾಲ್ ಪಂದ್ಯಾಟಕ್ಕೆ ಆ ಮನೆಯ ದನಗಳನ್ನೆಲ್ಲ ನಾನು ಆದರದಿಂದ ಆಮಂತ್ರಿಸಿದ್ದೇನೆ ಎಂದು ಮಾವ ಮೈಕಿನಲ್ಲೇ ಹೇಳಿಬಿಟ್ಟರು. ಆ ಅವಮಾನ ಮರೆಯಲು ನನಗೆ ಎರಡು ಐಸ್‌ಕ್ಯಾಂಡಿ ಬೇಕಾಯಿತು.

ಇಂಥ ಮಾವನ ಗಂಟಲಿಗೇ ಕಾಯಿಲೆ ಬಂತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ಸ್ವರ ಉಳಿಯಲಿಲ್ಲ. ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಇದನ್ನು ಬರೆಯಲು ನನಗೆ ಈಗಲೂ ಸಂಕಟವಾಗುತ್ತದೆ, ಆದ್ದರಿಂದ ಬೇಗ ಬರೆದು ಮುಂದೆ ಹೋಗುತ್ತೇನೆ.

ಆಸ್ಪತ್ರೆಯಿಂದ ಬಂದ ಮೇಲೆ ಮಾವ ಒಳಗಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬರೆದು ಹೇಳಲಿ ಎಂದು ತಂದ ಸ್ಲೇಟನ್ನು ಮಂಚದ ಅಡಿಗೆ ತಳ್ಳಿದರು. ಫೋನು ರಿಂಗಾದರೆ ಗೋಡೆಯ ಕಡೆ ತಿರುಗುತ್ತಿದ್ದರು. ಅದ್ದುಚ್ಚ ದಿನಾ ಬಂದರು. ಅವರ ಚಪ್ಪಲಿಯ ಸದ್ದು ಅಂಗಳದಲ್ಲಿ ಕೇಳಿದ ಕೂಡಲೇ ಮಾವ ಎದ್ದು ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದರು. ಊರಿಡೀ ತನ್ನ ಸ್ವರ ಕೇಳಿಸಿದವನ ಎದುರು ಬಾಯಿ ಮಾತ್ರ ಆಡಿಸುತ್ತಾ ಕೂರುವುದು ಅವರಿಂದ ಆಗುತ್ತಿರಲಿಲ್ಲ. ಬೇರೆ ಯಾರ ಎದುರಾದರೂ ಸಹಿಸಬಹುದು, ಅದ್ದುಚ್ಚನ ಎದುರು ಆಗದು. ಅದ್ದುಚ್ಚ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಅತ್ತೆ ಕೊಟ್ಟ ಚಹಾ ಕುಡಿದು, ಮುಚ್ಚಿದ ಬಾಗಿಲು ನೋಡಿ ಹೋಗುತ್ತಿದ್ದರು. ಒಂದು ದಿನ ಬರುವುದನ್ನು ನಿಲ್ಲಿಸಿದರು.

ನಾನು ಅಂಗಡಿಗೆ ಹೋಗಿ ಕೇಳಿದೆ.

"ನಾನು ಬಂದ್ರೆ ಅವನಿಗೆ ಚಿಲಕ ಹಾಕ್ಲಿಕ್ಕೆ ಏಳಬೇಕಾಗ್ತದೆ ಮೋಳೆ. ಹುಷಾರಿಲ್ಲದವನನ್ನು ಎಂತಕ್ಕೆ ಏಳಿಸುವುದು?" ಎಂದರು ಅದ್ದುಚ್ಚ. ಅವರ ಬ್ಯಾರಿಯಲ್ಲಿ ಮೋಳೆ ಎಂದರೆ ಮಗಳು. "ಅವ ಕರೆಯಲಿ. ಕರೆದ್ರೆ ಇದ್ದಲ್ಲಿಂದ ಓಡಿ ಬರ್ತೇನೆ. ಕರೆಯದೆ ಇನ್ನು ಆ ಗೇಟಿನೊಳಗೆ ಕಾಲಿಡುವುದಿಲ್ಲ."

ಸ್ವರ ಇಲ್ಲದವರು ಕರೆಯುವುದು ಹೇಗೆ? ಕೇಳಲು ನನಗೆ ಧೈರ್ಯ ಬರಲಿಲ್ಲ. ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದು ಓಣಿ. ಮೊದಲೆಲ್ಲ ಮಾವ ಜಗಲಿಯಿಂದ "ಅದ್ದೂ" ಎಂದು ಒಂದು ಸಲ ಕೂಗಿದರೆ ಆಚೆಯಿಂದ "ಬಂದೇ" ಎಂದು ಉತ್ತರ ಬರುತ್ತಿತ್ತು. ಈಗ ಆ ಜೀಪು ಅಂಗಡಿಯ ಪಕ್ಕದಲ್ಲಿ ತಾಡಪಾಲು ಹೊದ್ದುಕೊಂಡು ನಿಂತಿತ್ತು.

ಇದೇ ಸಮಯಕ್ಕೆ ನನ್ನ ಕೊನೆಯ ವರ್ಷದ ಪ್ರಾಜೆಕ್ಟು ತಲೆಯ ಮೇಲೆ ಕೂತಿತ್ತು. ನನಗೆ ಸಿಕ್ಕಿದ ವಿಷಯ, ನೆಟ್‌ವರ್ಕಿನಲ್ಲಿ ಆಚೆ ಕಾದು ಕೂತ ಸರ್ವರ್ ಎಂಬ ಪ್ರೋಗ್ರಾಮಿನ ಜೊತೆ ಈಚೆಯಿಂದ ಮಾತಾಡುವ ಕ್ಲೈಂಟ್ ಎಂಬ ಒಂದು ಸರಳ ಪ್ರೋಗ್ರಾಂ ಬರೆಯುವುದು. ಚಿತ್ರ ಇಲ್ಲ, ಬಟನ್ ಇಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಬಿಳಿ ಗೆರೆ. ನೀವು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಅದು ವಯರಿನಲ್ಲಿ ಆಚೆ ಕಂಪ್ಯೂಟರಿಗೆ ಹೋಗಬೇಕು. ಅಲ್ಲಿಂದ ಒಂದು ಸಾಲು ಬರಬೇಕು. ಅಷ್ಟೇ. ಇದಕ್ಕೆ ನಾನು ಇಟ್ಟ ಹೆಸರು "ಅಡ್ವಾನ್ಸ್ಡ್ ರಿಮೋಟ್ ಕಮ್ಯುನಿಕೇಶನ್ ಸಿಸ್ಟಮ್". ರಿಮೋಟ್ ಎಂದರೆ ಓಣಿಯ ಆಚೆ ಎಂದು ನಾನು ರಿಪೋರ್ಟಿನಲ್ಲಿ ಬರೆಯಲಿಲ್ಲ.

ಓಣಿಯ ಆಲೋಚನೆ ನನಗೆ ಬಂದದ್ದು ಎರಡೂ ಕಡೆ ಕಂಪ್ಯೂಟರ್ ಇದ್ದದ್ದರಿಂದ. ಸೀತಾಂಗೋಳಿಯ ಒಂದು ಕಾರ್ಖಾನೆಯ ಆಫೀಸಿನವರು ಬಿಟ್ಟುಬಿಟ್ಟ ಹಳೆಯ ಕಂಪ್ಯೂಟರನ್ನು ಮಾವನೇ ನನ್ನ ಓದಿಗೆಂದು ತಂದಿಟ್ಟಿದ್ದರು. ಅದು ಅವರ ಕೋಣೆಯ ಮೂಲೆಯಲ್ಲಿತ್ತು. ಅದ್ದುಚ್ಚನ ಅಂಗಡಿಯಲ್ಲಿ ಹಾಡು ಹಾಕುವುದಕ್ಕೆ ಒಂದಿತ್ತು. ಅಕ್ಷರದ ಸಮಸ್ಯೆಗೂ ಇಲ್ಲಿ ಪರಿಹಾರ ಇತ್ತು. ಮಾವ ಓದಿದ್ದು ಕನ್ನಡ ಮೀಡಿಯಂ, ಅದ್ದುಚ್ಚ ಮಲಯಾಳ ಮೀಡಿಯಂ. ಸ್ಲೇಟಿನಲ್ಲಿ ಮಾವ ಕನ್ನಡದಲ್ಲಿ ಬರೆದಿದ್ದರೂ ಅದ್ದುಚ್ಚನಿಗೆ ಓದಲು ಬರುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿದ್ದ ಅಕ್ಷರ ಇಂಗ್ಲಿಷಿನದ್ದು. ಮಾವ ಹರೆಯದಲ್ಲಿ ಟೈಪ್‌ರೈಟಿಂಗ್ ಕಲಿತಿದ್ದರು. ಅದ್ದುಚ್ಚ ಕೆಲವು ವರ್ಷ ಗಲ್ಫಿನಲ್ಲಿ ಪೆಟ್ಟಿಗೆಗಳ ಮೇಲಿನ ಹೆಸರು ಓದುವ ಕೆಲಸದಲ್ಲಿದ್ದರು. ಅಕ್ಷರ ಇಂಗ್ಲಿಷು, ಮಾತು ನಮ್ಮದು. ಮೊಬೈಲಿನಲ್ಲಿ ಎಲ್ಲರೂ ಹಾಗೇ ಮೆಸೇಜು ಕಳಿಸುತ್ತಿದ್ದ ಕಾಲ ಅದು. ಮಾವನ ದಪ್ಪ ಬೆರಳಿಗೆ ಮೊಬೈಲಿನ ಗುಂಡಿ ಹಿಡಿಸುತ್ತಿರಲಿಲ್ಲ. ಕೀಬೋರ್ಡು ಹಿಡಿಸುತ್ತಿತ್ತು.

ಮಾವನಿಗೆ ನಾನು ಹೇಳಿದ್ದು ಇಷ್ಟೇ, "ಮಾವ, ಪ್ರಾಜೆಕ್ಟಿಗೆ ಈಚೆ ಒಬ್ಬರು ಕೂತು ಟೈಪ್ ಮಾಡ್ಬೇಕು. ಅತ್ತೆಗೆ ಬರುವುದಿಲ್ಲ. ನೀವು ಮಾಡದಿದ್ರೆ ನಾನು ಫೇಲ್." ಮಾವ ಆಗಲಿ ಎಂದು ತಲೆಯಾಡಿಸಿದರು. ಅದ್ದುಚ್ಚನಿಗೂ ಅದನ್ನೇ ಹೇಳಿದೆ. ಇಬ್ಬರಿಗೂ ಅರ್ಥವಾಗಿತ್ತು. ಆದರೆ ಇಬ್ಬರೂ ನನ್ನ ಪ್ರಾಜೆಕ್ಟಿಗೆ ಸಹಾಯ ಮಾಡುವವರಂತೆ ಗಂಭೀರವಾಗಿ ಮುಖ ಮಾಡಿಕೊಂಡರು.

ಕೇಬಲ್ ಎಳೆದದ್ದು ಅದ್ದುಚ್ಚನೇ. ಮದುವೆ ಮನೆಗಳಿಗೆ ಸೀರಿಯಲ್ ಲೈಟು ಕಟ್ಟುವವರಿಗೆ ಇದೆಂಥ ಕೆಲಸ. ಕಾಯಿ ಕೀಳುವ ದೋಟಿಯ ತುದಿಗೆ ಸಿಕ್ಕಿಸಿ, ಮರದಿಂದ ಮರಕ್ಕೆ ದಾಟಿಸಿ, ಓಣಿಯ ಮೇಲಿಂದ ಲಾರಿ ಹೋದರೂ ತಾಗದ ಹಾಗೆ ಎತ್ತರದಲ್ಲಿ ತಂದರು. ನಮ್ಮ ಕಂಪೌಂಡಿನವರೆಗೆ ತಂದು ನಿಂತರು.

"ತೆಗೊ, ಇಲ್ಲಿಂದ ಆಚೆ ನೀನೇ ಎಳೆದುಕೊ" ಎಂದು ಗೋಡೆಯ ಮೇಲಿಂದ ಸುರುಳಿಯನ್ನು ನನ್ನ ಕೈಗೆ ಕೊಟ್ಟರು. ಗೇಟು ತೆರೆದೇ ಇತ್ತು.

ಈಗ ನಿಮಗೆ ಆ ಕಾಲದ ನಮ್ಮ ಕಡೆಯ ಒಂದು ಅಭ್ಯಾಸ ನೆನಪಿಸಬೇಕು. ನಾವು ಯಾರೂ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಮಿಸ್ಡ್ ಕಾಲ್ ಕೊಡುತ್ತಿದ್ದೆವು. ನಾನು ಮೊಗ್ರಾಲಿಗೆ ತಲುಪಿದರೆ ಮುಳ್ಳೇರಿಯಕ್ಕೆ ಒಂದು ರಿಂಗು, ಅಪ್ಪ ಎತ್ತುವುದಿಲ್ಲ, ಮಗಳು ಮುಟ್ಟಿದಳು ಎಂದು ಅರ್ಥ. ಮೀನು ಬೇಕಾದರೆ ಮೀನಿನವನಿಗೆ ಒಂದು ರಿಂಗು, ಅವನು ಬಂದು ಗೇಟಿನಲ್ಲಿ ಹಾರ್ನು ಹೊಡೆಯುತ್ತಿದ್ದ. ಗಲ್ಫಿಗೆ ಹೋದವರ ಮನೆಗಳಲ್ಲಂತೂ ಇದೊಂದು ಶಾಸ್ತ್ರವೇ ಆಗಿತ್ತು. ಇಲ್ಲಿಂದ ಹೆಂಡತಿ ಒಂದು ರಿಂಗು ಕೊಟ್ಟು ಕಟ್ ಮಾಡುವುದು, ಅಲ್ಲಿಂದ ಗಂಡ ತಿರುಗಿ ಕರೆಯುವುದು. ಕರೆಯುವುದು ಎಂದರೆ ಬಾಗಿಲು ತಟ್ಟಿ ಹಿಂದೆ ಸರಿದು ನಿಲ್ಲುವುದು. ಮಿಕ್ಕಿದ್ದು ಆಚೆಯವರ ಜವಾಬ್ದಾರಿ. ಯಾರಾದರೂ ತಪ್ಪಿ ಫೋನ್ ಎತ್ತಿಬಿಟ್ಟರೆ ದುಡ್ಡು ಹೋಯಿತೆಂದು ನಮಗೆ ಸಿಟ್ಟು ಬರುತ್ತಿತ್ತು. ಇಂಥ ಊರಿನಲ್ಲಿ ಬೆಳೆದ ಹುಡುಗಿ ನೆಟ್‌ವರ್ಕ್ ಪ್ರೋಗ್ರಾಂ ಬರೆದರೆ ಏನಾಗಬೇಕೋ ಅದೇ ಆಯಿತು.

ಸರ್ವರ್ ನಾನು ಬರೆದದ್ದಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ಕೊಟ್ಟದ್ದು. ಅದು ಅದ್ದುಚ್ಚನ ಕಂಪ್ಯೂಟರಿನಲ್ಲಿ ಕೂತಿತು. ಕ್ಲೈಂಟ್ ನನ್ನ ಸ್ವಂತ ಬುದ್ಧಿಯದ್ದು. ಅದು ಮಾವನ ಕೋಣೆಯಲ್ಲಿ. ಒಂದು ಭಾನುವಾರ ಮಧ್ಯಾಹ್ನ ಮಾವನನ್ನು ಕೀಬೋರ್ಡಿನ ಎದುರು ಕೂರಿಸಿ, "ನಾನು ಅಂಗಡಿಗೆ ಹೋಗಿ ಮುಟ್ಟಿದ ಮೇಲೆ ಏನಾದರೂ ಒಂದು ಸಾಲು ಟೈಪ್ ಮಾಡಿ ಎಂಟರ್ ಹೊಡೆಯಿರಿ" ಎಂದು ಹೇಳಿ ಓಡಿದೆ.

ಅದ್ದುಚ್ಚ ಒಂದು ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದರು. ಕಂಪ್ಯೂಟರಿನ ಕಡೆ ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಬಿಚ್ಚಿದ್ದೆಂದು ನನಗೆ ಅನುಮಾನ. ಯಾರಾದರೂ ಸಂಪರ್ಕಕ್ಕೆ ಬಂದರೆ ಟಿಣ್ ಎನ್ನುವ ಒಂದು ಸದ್ದು ಬರುವಂತೆ ನಾನು ಮಾಡಿದ್ದೆ. ಆ ಕಂಪ್ಯೂಟರಿನ ಸದ್ದು ಸಣ್ಣ ಡಬ್ಬಿಯಿಂದ ಬರುವುದಿಲ್ಲ, ಅಂಗಡಿಯ ಹೊರಗೆ ನಿಲ್ಲಿಸಿದ ಆಳೆತ್ತರದ ಸ್ಪೀಕರಿನಿಂದ ಬರುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು. ಮಾವ ಎಂಟರ್ ಹೊಡೆದರು. ಹೈವೇಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬೆಚ್ಚಿ ತಿರುಗಿದರು. ಪರದೆಯ ಮೇಲೆ ಐತಪ್ಪ ಎಂಬ ಹೆಸರು ಮೂಡಿತು. ಅದರ ಕೆಳಗೆ, ಸಂಪರ್ಕ ಮುಗಿಯಿತು ಎಂಬ ಇನ್ನೊಂದು ಸಾಲು. ಮತ್ತೆ ಏನೂ ಇಲ್ಲ.

"ಯಾರು?" ಎಂದರು ಅದ್ದುಚ್ಚ, ತಲೆ ಎತ್ತದೆ.

"ಮಾವ."

"ಎಂತ ಹೇಳಿದ?"

"ಎಂತ ಇಲ್ಲ. ಹೆಸರು ಬಂತು, ಕಟ್ ಆಯ್ತು."

"ತಾನಾಗಿ ಕಟ್ ಆದದ್ದಾ, ಆಚೆಯಿಂದ ಕಟ್ ಮಾಡಿದ್ದಾ?"

ನಾನು ನೋಡಿದೆ. "ಆಚೆಯಿಂದಲೇ."

ಅದ್ದುಚ್ಚ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹಾಗಾದ್ರೆ ಅದು ಮಿಸ್ಡ್ ಕಾಲ್ ಅಲ್ವಾ?" ಎಂದು ಎದ್ದು ನಿಂತು ಲುಂಗಿ ಬಿಗಿದುಕೊಂಡರು.

"ಅಲ್ಲ ಅದ್ದುಚ್ಚ, ನಿಲ್ಲಿ, ಎಂತದೋ ತಪ್ಪಾಗಿದೆ, ಇನ್ನೊಮ್ಮೆ ನೋಡುವ" ಎಂದು ನಾನು ಹೇಳುತ್ತಿದ್ದಂತೆ ಅವರು ಓಣಿಯಲ್ಲಿದ್ದರು. ಅಂಗಡಿಯನ್ನು ಹಾಗೇ ಬಿಟ್ಟು ನಾನೂ ಹಿಂದಿನಿಂದ ಓಡಿದೆ. ಗೇಟಿನ ಹತ್ತಿರ ಅವರು ಒಂದು ಕ್ಷಣವೂ ನಿಲ್ಲಲಿಲ್ಲ. ಅಂಗಳದಲ್ಲಿದ್ದ ಅತ್ತೆ "ಬನ್ನಿ" ಎನ್ನುವುದರೊಳಗೆ ಜಗಲಿ ದಾಟಿ ಕೋಣೆಯ ಬಾಗಿಲಿಗೆ ಮುಟ್ಟಿದ್ದರು. ಮಾವ ಬಾಗಿಲಿಗೆ ಬೆನ್ನು ಹಾಕಿ ಕಂಪ್ಯೂಟರಿನ ಎದುರು ಕೂತಿದ್ದರು. ಚಿಲಕ ಹಾಕಲು ಸಮಯ ಸಿಗಲಿಲ್ಲ. ಚಪ್ಪಲಿಯ ಸದ್ದಿಗೆ ಅವರ ಕೈ ಕುತ್ತಿಗೆಯ ಬಟ್ಟೆಯ ಮೇಲೆ ಹೋಯಿತು.

"ಕರೆದಿಯಾ ಐತಪ್ಪ?" ಎಂದರು ಅದ್ದುಚ್ಚ, ಏದುಸಿರು ಬಿಡುತ್ತಾ.

ಮಾವ ತಿರುಗಲಿಲ್ಲ. ಅವರು ಟೈಪ್ ಮಾಡಿದ ಸಾಲು ಎಲ್ಲಿಗೂ ಹೋಗದೆ ಅಲ್ಲೇ ಪರದೆಯ ಮೇಲಿತ್ತು. ಅದ್ದುಚ್ಚ ಬಗ್ಗಿ, ಗಲ್ಫಿನ ಪೆಟ್ಟಿಗೆ ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ಎಂ…ತ… ಮಾ…ರಾ…ಯ." ಓದಿ ಮುಗಿಸಿ, ಮಂಚದ ತುದಿಯಲ್ಲಿ ಕೂತರು.

"ಎಂತ ಇಲ್ಲ ಮಾರಾಯ. ಜೀಪು ಹೊರಗೆ ತೆಗಿಲಿಲ್ಲ. ಬೇರೆಯವನನ್ನು ಕೂರಿಸಿ ಒಂದು ದಿನ ಹೋಗಿದ್ದೆ. ಕುಂಬಳೆ ಮುಟ್ಟುವ ಮೊದಲು ವಾಪಸು ಬಂದೆ. ಅವ ಮಾತಾಡಿದ್ದು ಕೇಳಿ ನನಗೇ ನಾಚಿಕೆ ಆಯ್ತು."

ಮಾವನ ಭುಜ ಅಲುಗಿತು. ನಗುವೋ ಅಳುವೋ ಎಂದು ನಾನು ಬಾಗಿಲಲ್ಲಿ ನಿಂತು ಹೆದರಿದೆ. ಸ್ವರ ಇಲ್ಲದೆ ಇದ್ದರೆ ಎರಡೂ ಹಿಂದಿನಿಂದ ಒಂದೇ ಹಾಗೆ ಕಾಣುತ್ತದೆ. ಅವರು ತಿರುಗಿದಾಗ ನೋಡಿದೆ, ಎರಡೂ ಇತ್ತು. ಅದ್ದುಚ್ಚ ಆ ಬಿಳಿ ಬಟ್ಟೆಯನ್ನೇ ನೇರ ನೋಡಿ "ನೋವುಂಟಾ?" ಎಂದು ಕೇಳಿದರು. ಅಷ್ಟು ದಿನ ಬಂದು ಹೋದ ನೆಂಟರು ಯಾರೂ ಅದರ ಕಡೆ ಕಣ್ಣು ಹಾಯಿಸಿರಲಿಲ್ಲ. ಮಾವ ಇಲ್ಲ ಎಂದು ತಲೆಯಾಡಿಸಿ, ಕೈಯನ್ನು ಕುತ್ತಿಗೆಯಿಂದ ಕೆಳಗಿಳಿಸಿದರು.

ಅತ್ತೆ ಅಡಿಗೆಮನೆಗೆ ಹೋಗಿ ಚಹಾಕ್ಕಿಟ್ಟರು. ನಾನು ಅವರ ಹಿಂದೆಯೇ ಹೋಗಿ ಸಕ್ಕರೆ ಡಬ್ಬಿಯ ಎದುರು ನಿಂತು ಅತ್ತುಬಿಟ್ಟೆ. ಪ್ರೋಗ್ರಾಂ ಕೆಲಸ ಮಾಡಲಿಲ್ಲ ಎಂದು ನಾನು ಅಳುತ್ತಿದ್ದೇನೆಂದು ಅತ್ತೆ ಭಾವಿಸಿ, "ಹೋಗಲಿ ಬಿಡು, ಇನ್ನೊಮ್ಮೆ ಬರೆದರಾಯ್ತು" ಎಂದು ಸಮಾಧಾನ ಮಾಡಿದರು.

ಆ ದಿನದಿಂದ ದಿನಾ ಚಹಾದ ಹೊತ್ತಿಗೆ ಮೊಗ್ರಾಲಿನ ಪೇಟೆಯಲ್ಲಿ ಆ ಸದ್ದು ಕೇಳತೊಡಗಿತು. ಮಾವ ಒಂದು ಸಾಲು ಟೈಪ್ ಮಾಡಿ ಎಂಟರ್ ಹೊಡೆಯುವುದು, ಅದ್ದುಚ್ಚ ಕೆಲಸ ಬಿಟ್ಟು ಎದ್ದು ಬರುವುದು, ಬಂದು ಆ ಸಾಲನ್ನು ಪರದೆಯಲ್ಲೇ ಓದಿ ಬಾಯಲ್ಲಿ ಉತ್ತರ ಹೇಳುವುದು. ಮತ್ತೆ ಮಾವ ಟೈಪ್ ಮಾಡುವುದು. ಕೆಲವು ದಿನಗಳಲ್ಲಿ ಟೈಪ್ ಮಾಡುವುದೂ ಕಡಿಮೆಯಾಯಿತು. ಮಾವ ಬಾಯಿ ಆಡಿಸಿದರೆ ಅದ್ದುಚ್ಚನಿಗೆ ತಿಳಿಯುತ್ತಿತ್ತು. ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಆ ಬಾಯಿಯನ್ನು ನೋಡಿದವರಲ್ಲವೇ. ಒಮ್ಮೆ ಮಾವ ಹೇಳಿದ್ದನ್ನು ಅದ್ದುಚ್ಚ ಅತ್ತೆಗೆ ಕೂಗಿ ತಿಳಿಸಿದರು, "ಚಹಾಕ್ಕೆ ಸಕ್ಕರೆ ಕಡಿಮೆ ಇರುವುದಾಗಿ ತಿಳಿಯಪಡಿಸುತ್ತಾನಂತೆ!" ಅತ್ತೆ ಸಕ್ಕರೆ ಡಬ್ಬಿಯನ್ನೇ ತಂದು ಇಬ್ಬರ ನಡುವೆ ಇಟ್ಟರು. ಮೈಕ್ ಆಫ್ ಮಾಡಿ ಎನ್ನಲಿಲ್ಲ.

ನನ್ನ ಪ್ರಾಜೆಕ್ಟು ಮಾತ್ರ ಇದ್ದಲ್ಲೇ ಇತ್ತು. ಕ್ಲೈಂಟ್ ಯಾಕೆ ಮಾತು ಕಳಿಸುತ್ತಿಲ್ಲ ಎಂದು ನನಗೆ ತಿಳಿಯಲೇ ಇಲ್ಲ. ಕೊನೆಗೆ ಪ್ರಿಂಟ್ ತೆಗೆದು ಕಾಲೇಜಿನಲ್ಲಿ ರಮಣಿ ಟೀಚರಿಗೆ ತೋರಿಸಿದೆ. ಅವರು ಬೆರಳಿಟ್ಟು ಓದಿ ಒಂದು ಕಡೆ ನಿಂತರು.

"ಈ ಕ್ಲೈಂಟ್ ಸರ್ವರಿನ ಹತ್ತಿರ ಹೋಗ್ತದೆ, ಹೆಸರು ಹೇಳ್ತದೆ, ಕೂಡಲೇ ವಾಪಸು ಬರ್ತದೆ. ಮಾತು ಇನ್ನೂ ಕೈಯಲ್ಲೇ ಉಂಟು. ಎಂತಕ್ಕೆ ಬಂದದ್ದು?"

"ಆಚೆಯವರು ತಿರುಗಿ ಕರೆಯುತ್ತಾರಲ್ಲ ಟೀಚರ್. ಆಗ ಹೇಳುವುದು" ಎಂದೆ ನಾನು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಟೀಚರ್ ನನ್ನನ್ನು ನೋಡಿದರು. ಮತ್ತೆ ಕಾಗದ ನೋಡಿದರು. ಮತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗತೊಡಗಿದರು. ಸ್ಟಾಫ್ ರೂಮಿನಲ್ಲಿದ್ದವರನ್ನೆಲ್ಲ ಕರೆದು ಹೇಳಿದರು, "ನೋಡಿ, ನಮ್ಮ ಶಶಿಕಲಾ ಮಿಸ್ಡ್ ಕಾಲ್ ಕೊಡುವ ಕಂಪ್ಯೂಟರ್ ಕಂಡುಹಿಡಿದಿದ್ದಾಳೆ!" ನಗು ನಿಂತ ಮೇಲೆ ಪ್ರೀತಿಯಿಂದಲೇ ವಿವರಿಸಿದರು. ಸರ್ವರ್ ಎಂದರೆ ಬಾಗಿಲು ತೆರೆದು ಕೂತ ಅಂಗಡಿಯವನು. ಅವನು ತಾನಾಗಿ ಯಾರನ್ನೂ ಕರೆಯುವುದಿಲ್ಲ, ಯಾರ ಮನೆಗೂ ಹೋಗುವುದಿಲ್ಲ. ಗಿರಾಕಿ ಬಂದವನು ಬೇಕಾದದ್ದನ್ನು ಹೇಳಬೇಕು, ಸಿಗುವವರೆಗೆ ಅಲ್ಲೇ ನಿಂತಿರಬೇಕು. ಹೆಸರು ಹೇಳಿ ಓಡಿಹೋದರೆ ಅಂಗಡಿಯವನು ಸಕ್ಕರೆ ಕಟ್ಟಿಕೊಂಡು ಹಿಂದೆ ಬರುವುದಿಲ್ಲ. ನನಗೆ ಕಿವಿಯವರೆಗೂ ನಾಚಿಕೆಯಾಯಿತು. ಆದರೂ ಒಳಗಿನಿಂದ ಒಂದು ಮೊಂಡುತನ ಹೇಳುತ್ತಿತ್ತು, ಒಬ್ಬ ಅಂಗಡಿಯವರು ಬರುತ್ತಾರೆ, ನೀವು ನೋಡಿಲ್ಲ ಟೀಚರ್.

ತಿದ್ದಿದೆ. ಸಂಪರ್ಕವನ್ನು ಬಿಡದೆ ಹಿಡಿದುಕೊಳ್ಳುವಂತೆ ಮಾಡಿದೆ. ಪ್ರಾಜೆಕ್ಟು ಪಾಸಾಯಿತು. ಆ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಮಾವನ ಕಂಪ್ಯೂಟರಿನಲ್ಲೂ ಸರಿಯಾದದ್ದನ್ನು ಹಾಕಿದೆ. "ಇನ್ನು ನೀವು ಇಲ್ಲಿಂದ ಹೇಳಿದ್ದು ಅಲ್ಲಿ ಕಾಣ್ತದೆ ಮಾವ, ಅವರು ಅಲ್ಲಿಂದ ಹೇಳಿದ್ದು ಇಲ್ಲಿ. ಎಷ್ಟು ಹೊತ್ತು ಬೇಕಾದರೂ!" ಎಂದು ತೋರಿಸಿಕೊಟ್ಟೆ. ಮಾವ "ಚಹಾ ಆಯ್ತಾ" ಎಂದು ಟೈಪ್ ಮಾಡಿದರು. ತುಂಬಾ ಹೊತ್ತು ಕಾದ ಮೇಲೆ ಓಣಿಯಾಚೆಯಿಂದ "ಆಯ್ತು" ಎಂದು ಬಂತು. ಅದ್ದುಚ್ಚ ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಹೊಡೆದಿರಬೇಕು. ಮೊದಲ ದಿನ ಎಲ್ಲರಿಗೂ ಖುಷಿ. ಅತ್ತೆಯೂ ಬಂದು ಇಣುಕಿ ನೋಡಿದರು.

ಮರುದಿನ ಅದ್ದುಚ್ಚ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪರದೆಯ ಮೇಲೆ ಸಾಲುಗಳು ಬರುತ್ತಿದ್ದವು, ಸಣ್ಣ ಸಣ್ಣವು. ಹೌದು. ಇಲ್ಲ. ಮಳೆ ಬರುವ ಹಾಗೆ ಉಂಟು. ಅತ್ತೆ ಎರಡು ಗ್ಲಾಸು ಚಹಾ ಮಾಡಿ, ಒಂದನ್ನು ನನಗೆ ಕೊಡುತ್ತಿದ್ದರು. ನಾನು ಅಂಗಡಿಗೆ ಹೋಗಿ "ಯಾಕೆ ಬರ್ತಾ ಇಲ್ಲ?" ಎಂದರೆ ಅದ್ದುಚ್ಚ ಆಶ್ಚರ್ಯದಿಂದ, "ಬರದೆ ಮಾತಾಡ್ಲಿಕ್ಕೆ ಅಂತ ಅಲ್ವಾ ಮೋಳೆ ನೀನು ಸರಿ ಮಾಡಿದ್ದು? ಅವನಿಗೂ ಅದೇ ಸುಖ ಆಗಿರಬೇಕು. ನಾನು ಹೋಗಿ ಎದುರು ಕೂತ್ರೆ ಮತ್ತೆ ಕುತ್ತಿಗೆ ಮುಚ್ಚಿಕೊಳ್ಬೇಕು ಅವ. ಅವ ಕರೀಲೂ ಇಲ್ಲವಲ್ಲ" ಎಂದರು. ಎದುರಿನ ಪರದೆಯ ಮೇಲೆ ಮಾವನ ಒಂದು ಸಾಲು ಉತ್ತರಕ್ಕೆ ಕಾಯುತ್ತಿತ್ತು. ಅವರು ಕನ್ನಡಕ ಹುಡುಕುತ್ತಿದ್ದರು.

ಆ ಸಂಜೆ ಕೋಣೆಗೆ ಹೋದಾಗ ಮಾವ ನನ್ನನ್ನು ಹತ್ತಿರ ಕರೆದು ಕೀಬೋರ್ಡಿಗೆ ಕೈ ಹಾಕಿದರು. ಹಳೆಯದು ಉಂಟಾ, ಎಂದು ಟೈಪ್ ಮಾಡಿದರು.

"ಉಂಟು ಮಾವ, ತೆಗೆದಿಟ್ಟಿದ್ದೇನೆ. ಆದರೆ ಅದು ತಪ್ಪು. ಅದರಲ್ಲಿ ನಿಮ್ಮ ಮಾತು ಆಚೆ ಹೋಗುವುದೇ ಇಲ್ಲ."

ಮಾವ ನನ್ನ ಕಡೆ ನೋಡಲಿಲ್ಲ. ಟೈಪ್‌ರೈಟಿಂಗ್ ಕಲಿತ ಬೆರಳುಗಳು ಒಂದೂ ತಪ್ಪದೆ ನಿಧಾನವಾಗಿ ಹೊಡೆದವು. ಮಾತು ಹೋಗುವುದು ಬೇಡ. ಅವ ಬರಲಿ.

ನಾನು ಕೂತು ಹಳೆಯದನ್ನು ಹಾಕಿದೆ. ಎಂಟರ್ ಹೊಡೆಯುವುದನ್ನು ಮಾವನಿಗೇ ಬಿಟ್ಟೆ. ಓಣಿಯ ಆಚೆ ಆ ದೊಡ್ಡ ಸ್ಪೀಕರ್ ಒಮ್ಮೆ ಗುಡುಗಿತು. ನಾವಿಬ್ಬರೂ ಕಪ್ಪು ಪರದೆಯ ಕಡೆ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದೆವು. ಗೇಟು ಇನ್ನೂ ದೂರವಿದ್ದಾಗಲೇ, ಇಡೀ ಓಣಿಗೆ ಕೇಳುವ ಹಾಗೆ ಅದ್ದುಚ್ಚ ಕೂಗಿದರು.

"ಬಂದೇ!"